ಎರಡು ದಿನದ ಅತಿಥಿ, ನೂರು ಮೀಟರಿನ ನಿವಾಸಿ

ಬಾದಾಮಿಯ ಕೆಂಪು ಗುಡ್ಡಗಳಿಗೆ ಕೆಲವು ವರ್ಷಗಳಿಂದ ಹೊಸದೊಂದು ಹೆಸರು ಅಂಟಿಕೊಂಡಿದೆ: ‘ಸಾಹಸ ಪ್ರವಾಸದ ತಾಣ’. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ರೈಲನ್ನೋ ಬಸ್ಸನ್ನೋ ಹತ್ತಿದವರು ಶನಿವಾರ ಬೆಳಗ್ಗೆ ಇಲ್ಲಿ ಇಳಿಯುತ್ತಾರೆ. ಮೊದಲು ನಾಲ್ಕು ಗುಹಾಲಯಗಳು, ಮಧ್ಯಾಹ್ನ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವ ಅನುಭವ, ಸಂಜೆ ಭೂತನಾಥನ ಗುಡಿಯ ಮುಂದೆ ಸೂರ್ಯಾಸ್ತ. ಮರುದಿನ ಪಟ್ಟದಕಲ್ಲಿಗೆ ಎರಡು ತಾಸು, ಐಹೊಳೆಗೆ ಒಂದು ತಾಸು, ರಾತ್ರಿ ಮರುಪಯಣ. ಎರಡೇ ದಿನದಲ್ಲಿ ಹದಿನಾಲ್ಕು ಶತಮಾನಗಳನ್ನೂ ಒಂದು ಬೆಟ್ಟಸಾಲನ್ನೂ ಮುಗಿಸಿದ ತೃಪ್ತಿ. ಈ ವೇಳಾಪಟ್ಟಿಯಲ್ಲಿ ಬಂಡೆಗೆ ಜಾಗವಿದೆ, ಬಂಡೆಯ ಬುಡದಲ್ಲಿ ಬದುಕುವವರಿಗೆ ಇಲ್ಲ. ಪ್ರವಾಸಿಯ ತಪ್ಪೆಂದರೆ ಆತುರ, ಅಷ್ಟೇ. ಆದರೆ ಆ ಆತುರವನ್ನೇ ಅಡಿಗಲ್ಲಾಗಿಸಿಕೊಂಡು ಒಂದು ನೀತಿ ಬೆಳೆಯುತ್ತಿದೆ. ಎರಡು ದಿನದ ಅತಿಥಿಗೆ ಗುಡ್ಡದ ಬಾಗಿಲು ಲೆಕ್ಕವಿಲ್ಲದೆ ತೆರೆದಿದೆ; ತಲೆಮಾರುಗಳಿಂದ ಅಲ್ಲೇ ಇರುವವನ ಮನೆಯ ಬಾಗಿಲಿಗೆ ಮಾತ್ರ ಅಳತೆಯ ಟೇಪು ಬಂದು ನಿಂತಿದೆ. ಖಂಡಿಸಬೇಕಾದದ್ದು ಇದನ್ನು.

ಮಲೆನಾಡಿನ ಓದುಗರಿಗೆ ಗುಡ್ಡವೆಂದರೆ ಹಸಿರು, ಮಂಜು, ಇಂಬಳ. ಹಳೆಯ ಕಲಾದಗಿ ಜಿಲ್ಲೆಯ ಗುಡ್ಡ ಹಾಗಲ್ಲ. ಬಾದಾಮಿ, ಗುಳೇದಗುಡ್ಡ, ಐಹೊಳೆಯ ಸೀಮೆಯಲ್ಲಿ ಅದು ಮರಳುಗಲ್ಲಿನ ನೆಟ್ಟನೆಯ ಗೋಡೆ. ನೆತ್ತಿಯಲ್ಲಿ ಚಪ್ಪಟೆ ಬಯಲು, ಸೀಳುಗಳಲ್ಲಿ ಕುರುಚಲು ಗಿಡ, ತಳದಲ್ಲಿ ಊರು. 1880ರ ದಶಕದಲ್ಲಿ ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋದ ಮೇಲೆ ಕಲಾದಗಿ ಜಿಲ್ಲೆಯ ಹೆಸರಾಗಿ ಉಳಿಯಲಿಲ್ಲ. ಭೂವಿಜ್ಞಾನದಲ್ಲಿ ಮಾತ್ರ ಇಂದಿಗೂ ಉಳಿದಿದೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ವರದಿಯ ಕಾಲದಿಂದ ಈ ಸೀಮೆಯ ಶಿಲಾಸರಣಿಯನ್ನು ಜಗತ್ತು ಗುರುತಿಸುವುದು ಕಲಾದಗಿಯ ಹೆಸರಿನಿಂದಲೇ. ಮನುಷ್ಯನಷ್ಟೇ ಅಲ್ಲ, ಕಣ್ಣಿಗೆ ಕಾಣುವ ಪ್ರಾಣಿಗಳೇ ಹುಟ್ಟುವ ಮೊದಲು ನೀರು ತಂದು ಹಾಸಿದ ಮರಳು ಗಟ್ಟಿಯಾಗಿ ಈ ಬಂಡೆಗಳಾದವು.

ಇಲ್ಲಿನ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸು, ಆಗುಂಬೆಯ ಮಳೆಯ ಹತ್ತನೆಯ ಒಂದು ಪಾಲೂ ಅಲ್ಲ. ಹೀಗಿರುವಾಗ ಗುಡ್ಡದ ಮೇಲೆ ಬಿದ್ದ ಪ್ರತಿ ಹನಿಗೂ ವಾರಸುದಾರರಿದ್ದಾರೆ. ಮಳೆಗಾಲದಲ್ಲಿ ಬಾದಾಮಿಯ ಬಂಡೆಯ ನೆತ್ತಿಯಿಂದ ಧುಮುಕುವ ಅಕ್ಕ-ತಂಗಿ ಜಲಪಾತ ಪ್ರವಾಸಿಗೆ ಒಂದು ಛಾಯಾಚಿತ್ರ. ಊರಿಗೆ ಅದು ಅಗಸ್ತ್ಯತೀರ್ಥಕ್ಕೆ ನೀರು ಬರುವ ದಾರಿ. ಆ ಹೊಂಡದ ಮೆಟ್ಟಿಲುಗಳ ಮೇಲೆ ಇಂದಿಗೂ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ. ಮಹಾಕೂಟದ ಪುಷ್ಕರಣಿಗೆ ನೀರುಣಿಸುವುದೂ ಗುಡ್ಡದ ಒಡಲಿನ ಬುಗ್ಗೆಯೇ. ನೆತ್ತಿಯ ಬಯಲು ಕುರಿಗಾರರ ಹುಲ್ಲುಗಾವಲು, ಇಳಿಜಾರು ಸೀತಾಫಲ ಮತ್ತು ಕವಳಿ ಹಣ್ಣಿನ ತಾಣ. ಬಂಡೆಯ ನೆತ್ತಿಯಲ್ಲಿ ಕೂತು ತಿಂಡಿ ತಿಂದವನು ಬಿಟ್ಟುಹೋದ ಪ್ಲಾಸ್ಟಿಕ್ ಚೀಲ ಅಲ್ಲೇ ಉಳಿಯುವುದಿಲ್ಲ. ಮೊದಲ ದೊಡ್ಡ ಮಳೆಗೆ ಅದು ಅಕ್ಕ-ತಂಗಿಯರ ಜೊತೆಗೇ ಕೆಳಗಿಳಿದು ಹೊಂಡ ಸೇರುತ್ತದೆ. ಸಾಹಸದ ಜಾಹೀರಾತುಗಳು ‘ನಿರ್ಜನ ಬಂಡೆ’ ಎಂದು ವರ್ಣಿಸುವ ಜಾಗ ನಿಜಕ್ಕೂ ಒಂದು ಊರಿನ ಮಾಳಿಗೆ.

ಇಲ್ಲಿನ ಜನ ಗುಡ್ಡಕ್ಕೆ ವಿಹಾರ ಹೋಗುತ್ತಿರಲಿಲ್ಲವೆಂದಲ್ಲ. ಹುಲಿಗೆಮ್ಮನ ಕೊಳ್ಳ, ಸಿದ್ಧನಕೊಳ್ಳ, ಮಹಾಕೂಟ, ನಾಗನಾಥನ ಗುಡಿ, ಎಲ್ಲವೂ ಗುಡ್ಡದ ಮಡಿಲಲ್ಲೇ ಇವೆ. ಶ್ರಾವಣದಲ್ಲಿ ಬುತ್ತಿ ಕಟ್ಟಿಕೊಂಡು ಕಾಲುದಾರಿ ಹಿಡಿದು ಹೋಗಿ, ಹರಿವ ನೀರಿನ ಬಳಿ ಕೂತು ರೊಟ್ಟಿ ತಿಂದು, ಸಂಜೆಗೆ ಮನೆ ಸೇರುವುದು ಈ ಸೀಮೆಯ ಹಳೆಯ ಪ್ರವಾಸ. ಪುಷ್ಯ ಮಾಸದ ಬನಶಂಕರಿ ಜಾತ್ರೆಗಂತೂ ಸುತ್ತಲಿನ ಜಿಲ್ಲೆಗಳೇ ಬಂದಿಳಿಯುತ್ತವೆ. ತಿಂಗಳ ಹೊತ್ತು ನಾಟಕ ಕಂಪನಿಗಳ ಡೇರೆಗಳಲ್ಲಿ ದೀಪ ಆರುವುದಿಲ್ಲ. ಜಾತ್ರೆಯೂ ಕಸ ಬಿಡುತ್ತದೆ. ಇತ್ತೀಚೆಗೆ ಎಲೆಯ ಬದಲು ಥರ್ಮಾಕೋಲ್ ತಟ್ಟೆಗಳನ್ನೇ ರಾಶಿ ಹಾಕುತ್ತದೆ, ಅದನ್ನು ಮರೆಮಾಚಿ ಹಳೆಯದನ್ನೆಲ್ಲ ಹೊಗಳುವುದು ಅಪ್ರಾಮಾಣಿಕತೆ. ಆದರೆ ಒಂದು ವ್ಯತ್ಯಾಸವಿದೆ. ಜಾತ್ರೆಗೆ ಬಂದವನಿಗೆ ಮುಂದಿನ ವರ್ಷವೂ ಅದೇ ಹೊಂಡದಲ್ಲಿ ಕಾಲು ತೊಳೆಯಬೇಕಿದೆ. ಬನಶಂಕರಿಯ ಗುಡಿಯಂಗಳದಲ್ಲಿ ಬುಟ್ಟಿ ಹೊತ್ತು ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ಬಡಿಸುವ ತಾಯಂದಿರಿಗೆ ಅವನು ಗೊತ್ತು, ಅವನಿಗೆ ಅವರು ಗೊತ್ತು. ಪಟ್ಟಿ ಹಿಡಿದು ಬಂದ ಎರಡು ದಿನದ ಅತಿಥಿ ಮುಂದಿನ ವರ್ಷ ಬೇರೆ ಗುಡ್ಡಕ್ಕೆ ಹೋಗುತ್ತಾನೆ.

ವಾತಾಪಿ ಎಂಬ ಹಳೆಯ ಹೆಸರಿನ ಈ ಊರಿಗೆ ಅತಿಥಿಗಳ ಕುರಿತೇ ಒಂದು ಕಥೆಯಿದೆ. ಇಲ್ವಲನೆಂಬ ರಕ್ಕಸ ತಮ್ಮ ವಾತಾಪಿಯನ್ನು ಟಗರಾಗಿಸಿ ಅಡುಗೆ ಮಾಡಿ ಅತಿಥಿಗೆ ಬಡಿಸುವನು, ಬಳಿಕ ಹೆಸರು ಹಿಡಿದು ಕರೆದರೆ ವಾತಾಪಿ ಅತಿಥಿಯ ಹೊಟ್ಟೆ ಸೀಳಿ ಬರುವನು. ಅಗಸ್ತ್ಯರು ಉಂಡು ಹೊಟ್ಟೆ ಸವರಿ ಜೀರ್ಣಿಸಿಕೊಂಡುಬಿಟ್ಟರು. ಅತಿಥಿಯೇ ಆತಿಥೇಯನನ್ನು ಅರಗಿಸಿಕೊಳ್ಳಬಲ್ಲ ಎಂಬುದನ್ನು ಈ ಊರಿಗೆ ಪ್ರತ್ಯೇಕವಾಗಿ ತಿಳಿಸಬೇಕಿಲ್ಲ.

ಶಿಲಾರೋಹಣದ ಬಗ್ಗೆ ಎರಡು ಮಾತು. ದೇಶದಲ್ಲಿ ಬಂಡೆ ಹತ್ತುವವರಿಗೆ ಬಾದಾಮಿ ಇಂದು ಮುಖ್ಯ ಕ್ಷೇತ್ರ, ವಿದೇಶಗಳಿಂದಲೂ ಬರುತ್ತಾರೆ. ಮರಳುಗಲ್ಲಿನ ಗೋಡೆಗೆ ರಂಧ್ರ ಕೊರೆದು ಉಕ್ಕಿನ ಬೋಲ್ಟುಗಳನ್ನು ಕೂರಿಸಿ ಮಾಡಿದ ದಾರಿಗಳು ಇಲ್ಲಿ ಬಹಳ ಇವೆ. ಇವರನ್ನೇ ಮೊದಲ ಶತ್ರುಗಳೆಂದು ತೋರಿಸುವುದು ಸುಲಭ, ಆದರೆ ನ್ಯಾಯವಲ್ಲ. ನಿಷ್ಠೆಯಿಂದ ಬಂಡೆ ಹತ್ತುವವರಲ್ಲಿ ಹಲವರು ವಾರಗಟ್ಟಲೆ ಊರಿನಲ್ಲಿದ್ದು, ಖಾನಾವಳಿಯಲ್ಲಿ ಉಂಡು, ಊರಿನ ಹುಡುಗರಿಗೆ ಹಗ್ಗದ ವಿದ್ಯೆ ಕಲಿಸಿ ಹೋಗುತ್ತಾರೆ. ನೆನೆದ ಮರಳುಗಲ್ಲು ಬಲ ಕಳೆದುಕೊಳ್ಳುತ್ತದೆ, ಮಳೆ ಬಿದ್ದ ಮೇಲೆ ಹತ್ತಿದರೆ ಹಿಡಿಕೆಗಳೇ ಕಿತ್ತುಬರುತ್ತವೆ ಎಂಬುದು ಅವರಿಗೆ ಗೊತ್ತು. ಗೋಡೆಗೆ ಕಟ್ಟಿದ ಹೆಜ್ಜೇನನ್ನು ಕೆಣಕಬಾರದೆಂಬುದೂ ಗೊತ್ತು. ಅಪಾಯವಿರುವುದು ಈ ವಿದ್ಯೆಯನ್ನು ಅರ್ಧ ದಿನದ ಮನರಂಜನೆಯಾಗಿ ಮಾರುವಲ್ಲಿ. ಅರ್ಧ ದಿನದ ಗಿರಾಕಿಗೆ ಬಂಡೆ ಒಣಗುವವರೆಗೆ ಕಾಯಲು ಪುರುಸೊತ್ತಿಲ್ಲ, ಮಾರುವವನಿಗೆ ಮುಂಗಡ ಹಣ ಮರಳಿಸುವ ಮನಸ್ಸಿಲ್ಲ.

ಅದಕ್ಕಿಂತ ಗಂಭೀರವಾದದ್ದು ಇನ್ನೊಂದು. ಈ ಗುಡ್ಡಗಳಲ್ಲಿ ಯಾವುದು ಬರಿಯ ಬಂಡೆ, ಯಾವುದು ಬರಹದ ಬಂಡೆ ಎಂದು ಹೊರಗಿನವನಿಗೆ ಹೇಳುವುದು ಕಷ್ಟ. ಮೊದಲ ಪುಲಕೇಶಿ ಕೋಟೆ ಕಟ್ಟಿಸಿದ ಸಂಗತಿಯನ್ನು ಸಾರುವ 543ರ ಶಾಸನವಿರುವುದು ಗುಡ್ಡದ ಬಂಡೆಯೊಂದರ ಮೇಲೆ. ಕಪ್ಪೆ ಅರಭಟ್ಟನ ಶಾಸನವಿರುವುದೂ ಹೊಂಡದ ಬದಿಯ ಬಂಡೆಗೋಡೆಯಲ್ಲೇ, ಕನ್ನಡದ ತ್ರಿಪದಿಯ ಅತಿ ಹಳೆಯ ಸಾಕ್ಷ್ಯವೆಂದು ವಿದ್ವಾಂಸರು ಎಣಿಸುವುದು ಅದನ್ನು. ಶಿಡ್ಲಫಡಿಯಂಥ ಬಂಡೆಯಾಸರೆಗಳಲ್ಲಿ ಚಾಲುಕ್ಯರಿಗಿಂತ ಎಷ್ಟೋ ಹಿಂದಿನ ಜನ ಬರೆದ ಚಿತ್ರಗಳಿವೆ. ಐಹೊಳೆಯ ಮೇಗುತಿ ಗುಡ್ಡದಲ್ಲಿ ರವಿಕೀರ್ತಿಯ 634ರ ಶಾಸನದ ಬೆನ್ನಿಗೇ ಬೃಹತ್ ಶಿಲಾಯುಗದ ಕಲ್ಲುಗೋರಿಗಳು ನಿಂತಿವೆ. ಪಟ್ಟದಕಲ್ಲಿನ ಗುಡಿಗಳಿಗೆ ಕಲ್ಲು ತೆಗೆದ ಹಳೆಯ ಗಣಿಯಲ್ಲಿ ಕಲ್ಲುಕುಟಿಗರ ಗುರುತುಗಳು ಹಾಗೇ ಇವೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಉಂಟು. ಬೇಲಿಯ ಒಳಗಿನ ಮಾತು ಅದು. ಬೇಲಿಯ ಹೊರಗಿನ ಚಿತ್ರ, ಗೋರಿ, ಗುರುತುಗಳನ್ನು ಕಾಯುವವರು ಯಾರು? ಇದುವರೆಗೆ ಕಾದವರು ಆ ಆಸರೆಗಳಲ್ಲಿ ಮಳೆಗೆ ನಿಂತ ಕುರಿಗಾರರು.

ಈಗ ಅಳತೆಯ ಟೇಪಿನ ವಿಚಾರಕ್ಕೆ ಬರಬಹುದು. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ನೂರು ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕೂಡದು. ಅದರಾಚೆಯ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಲು ಅನುಮತಿ ಬೇಕು. ಬಯಲಲ್ಲಿ ಒಂಟಿಯಾಗಿ ನಿಂತ ಗುಡಿಗೆ ಈ ನಿಯಮ ಸರಿ. ಐಹೊಳೆಯಂಥ ಊರಿನಲ್ಲಿ, ಓಣಿಗೊಂದು ಗುಡಿಯಿರುವಲ್ಲಿ, ನೂರು ಮೀಟರಿನ ವೃತ್ತಗಳು ಒಂದನ್ನೊಂದು ಹಾಯ್ದು ಊರನ್ನೇ ನುಂಗುತ್ತವೆ. ಮಗನ ಮದುವೆಯಾಯಿತೆಂದು ಮನೆಗೊಂದು ಕೋಣೆ ಸೇರಿಸುವಂತಿಲ್ಲ. ಇದ್ದ ಮನೆಯ ದುರಸ್ತಿಗೂ ಅರ್ಜಿ ಹಿಡಿದು ಅಲೆಯಬೇಕು. ಕುತೂಹಲದ ಸಂಗತಿಯೆಂದರೆ, ಚರಂಡಿ ಮತ್ತು ಸಾರ್ವಜನಿಕ ಶೌಚಾಲಯಗಳ ಕಾಮಗಾರಿಯನ್ನು ಆ ಕಾಯಿದೆಯೇ ‘ನಿರ್ಮಾಣ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದರೆ ಸ್ಮಾರಕದ ಪಕ್ಕದ ಓಣಿಯಲ್ಲಿ ಚರಂಡಿಯಿಲ್ಲ, ಶೌಚಾಲಯವಿಲ್ಲ ಎಂದಾದರೆ ಅದಕ್ಕೆ ಕಾಯಿದೆಯ ನೆಪ ಹೇಳುವಂತಿಲ್ಲ. ಊರಿನ ಹೊಲಸು ಪ್ರವಾಸಿಯ ಮೂಗಿಗೆ ಬಡಿಯುತ್ತದೆಂದು ವರದಿ ಬರೆಯುವವರು ಈ ವಿನಾಯಿತಿಯನ್ನು ಒಮ್ಮೆ ಓದಬೇಕು.

ಐಹೊಳೆಯ ಗುಡಿಗಳ ಹೆಸರುಗಳನ್ನೇ ನೋಡಿ: ಲಾಡಖಾನ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ಕಟ್ಟಿದ ಅರಸರ ಹೆಸರಲ್ಲ, ಒಳಗಿದ್ದ ದೇವರ ಹೆಸರೂ ಅಲ್ಲ. ಮೂಲ ಹೆಸರು ಮರೆತುಹೋದ ಮೇಲೆ ಆ ಗುಡಿಯಲ್ಲೋ ಅದರ ಮಗ್ಗುಲಲ್ಲೋ ಬಾಳಿದವರ ಹೆಸರು ಅವುಗಳಿಗೆ ನಿಂತಿತು. ಅವರು ಗೋಡೆಗೆ ಹೊಗೆ ಹಿಡಿಸಿದ್ದು ನಿಜ, ಕಂಬಕ್ಕೆ ಎತ್ತು ಕಟ್ಟಿದ್ದೂ ನಿಜ. ಆದರೂ ಜಗತ್ತಿನ ವಿದ್ವಾಂಸರು ಇಂದು ಗ್ರಂಥಗಳಲ್ಲಿ ಬರೆಯುವ ಹೆಸರು ಅವರದೇ. ಹೆಸರನ್ನು ಉಳಿಸಿಕೊಂಡು ಹೆಸರಿನವರ ಮೊಮ್ಮಕ್ಕಳನ್ನು ಊರಾಚೆ ಕಳಿಸುವ ಮಾತು ದಶಕಗಳಿಂದ ನಡೆದಿದೆ. ಸ್ಥಳಾಂತರದ ಪ್ರಸ್ತಾಪ ಬರುತ್ತದೆ, ಸಮೀಕ್ಷೆಯಾಗುತ್ತದೆ, ಮತ್ತೆ ಮಲಗುತ್ತದೆ. ಅದು ಮಲಗಿದ್ದಷ್ಟು ಕಾಲ ಮನೆ ದುರಸ್ತಿಯಾಗುವುದಿಲ್ಲ, ಹೊಸ ಮನೆ ಬರುವುದಿಲ್ಲ, ಹೆಣ್ಣು ಕೊಡುವವರೂ ಎರಡು ಸಲ ಯೋಚಿಸುತ್ತಾರೆ.

ಹೋಗಬಾರದು ಎಂದು ಊರಿನವರೆಲ್ಲ ಹಟ ಹಿಡಿದಿದ್ದಾರೆಂದೇನೂ ಅಲ್ಲ. ಒಳ್ಳೆಯ ನಿವೇಶನ, ನೀರು, ಹೊಲಕ್ಕೆ ಹತ್ತಿರದ ಜಾಗ ಸಿಕ್ಕರೆ ಹೋಗಲು ಸಿದ್ಧರಿರುವವರೂ ಇರಬಹುದು. ಆದರೆ ಬಾಗಲಕೋಟೆ ಜಿಲ್ಲೆಯ ಜನರಿಗೆ ‘ಮುಳುಗಡೆ’ ಎಂಬ ಪದದ ಅರ್ಥ ನಿಘಂಟಿನಿಂದ ಕಲಿಯಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಕೊಟ್ಟು ನವನಗರಕ್ಕೆ ಬಂದವರ ನೆಂಟರು ಪ್ರತಿ ಊರಿನಲ್ಲಿದ್ದಾರೆ. 2009 ಮತ್ತು 2019ರ ನೆರೆಗಳಲ್ಲಿ ಮಲಪ್ರಭೆಯ ದಂಡೆಯ ಜನ ಮನೆ ಬಿಟ್ಟು ಓಡಿದ್ದಾರೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ಆಣೆಕಟ್ಟಿಗಾಗಿ ಒಮ್ಮೆ, ನೆರೆಗಾಗಿ ಮತ್ತೊಮ್ಮೆ ಎದ್ದ ಸೀಮೆಯನ್ನು ಈಗ ರಜೆಯ ನೋಟ ಚೆನ್ನಾಗಿರಲೆಂದು ಏಳಿಸುವುದಾದರೆ ಕಾರಣವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಹಂಪಿಯ ಉದಾಹರಣೆ ಬಹಳ ದೂರದ್ದಲ್ಲ. 2011ರ ಜುಲೈನಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರದಲ್ಲಿದ್ದ ಮನೆ ಅಂಗಡಿಗಳನ್ನು ಯಂತ್ರಗಳು ಕೆಡವಿದವು. ಪುನರ್ವಸತಿ ಹಿಂದೆ ಬಂತು, ಬುಲ್ಡೋಜರ್ ಮುಂದೆ ಬಂತು. ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಬಂಡೆ ಹತ್ತುವವರಿಗಾಗಿ, ವಿಹಾರಕ್ಕೆ ಬರುವವರಿಗಾಗಿ ಒಂದೊಂದಾಗಿ ಎದ್ದ ರೆಸಾರ್ಟುಗಳು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ನೆಲಸಮವಾದವು. ಅವು ಅಕ್ರಮವಾಗಿದ್ದವು, ತೀರ್ಪು ಬಂತು, ಸರಿ. ಆದರೆ ಅಷ್ಟು ವರ್ಷ ಅವು ಏಳುವಾಗ ಯಾರೂ ನೋಡಲಿಲ್ಲವೇ? ಲೆಕ್ಕವಿಲ್ಲದ ಪ್ರವಾಸ ಮೊದಲು ಊರನ್ನು ತನ್ನ ಅಂಗಡಿಯಾಗಿಸುತ್ತದೆ, ಆಮೇಲೆ ಅದೇ ಅಂಗಡಿ ಪರಂಪರೆಗೆ ಕಳಂಕವೆಂದು ಬರುವ ಆದೇಶ ಊರನ್ನು ಬಡಿಯುತ್ತದೆ. ಬಾದಾಮಿಯ ಗುಡ್ಡದ ಬುಡದಲ್ಲಿ ಇಂದು ಇಂಚಿಂಚಾಗಿ ಏಳುತ್ತಿರುವುದನ್ನು ನೋಡುವವರು ಈ ಎರಡು ಇಸವಿಗಳನ್ನು ಮರೆಯಬಾರದು.

ಹಣದ ಹಾದಿಯನ್ನೂ ನೋಡಬೇಕು. ಗುಹಾಲಯದ ಟಿಕೆಟ್ಟಿನ ದುಡ್ಡು ಪುರಾತತ್ವ ಸರ್ವೇಕ್ಷಣ ಇಲಾಖೆಯ ಮೂಲಕ ಕೇಂದ್ರದ ಸಂಚಿತ ನಿಧಿ ಸೇರುತ್ತದೆ. ಆ ಟಿಕೆಟ್ ಕೊಂಡವನು ಬಿಟ್ಟ ಬಾಟಲಿ ಬಾದಾಮಿ ಪುರಸಭೆಯ ಗಾಡಿ ಸೇರುತ್ತದೆ, ಗಾಡಿ ಬಂದರೆ. ಕೇಂದ್ರದ ಪರಂಪರೆ ನಗರಗಳ ‘ಹೃದಯ’ ಯೋಜನೆಯಲ್ಲಿ 2015ರಲ್ಲಿ ದೇಶದ ಹನ್ನೆರಡು ಊರುಗಳಲ್ಲಿ ಒಂದಾಗಿ ಬಾದಾಮಿಯೂ ಸೇರಿತು. ಯೋಜನೆ 2019ರಲ್ಲಿ ಮುಗಿಯಿತು. ಪ್ರವಾಸಿಗಳು ಯೋಜನೆಯಲ್ಲ, ಅವರು ಪ್ರತಿ ಶನಿವಾರ ಬರುತ್ತಾರೆ. ನಿತ್ಯದ ಹೊರೆಗೆ ನಿತ್ಯದ ಆದಾಯ ಬೇಕು ಎಂಬ ಸರಳ ಲೆಕ್ಕವನ್ನು ಪುರಸಭೆಯ ಗುಮಾಸ್ತನೂ ಹೇಳಬಲ್ಲ, ದೆಹಲಿ ಕೇಳುವುದಿಲ್ಲ.

ಪ್ರವಾಸೋದ್ಯಮದ ವಕೀಲರು ಒಂದು ಗಟ್ಟಿ ವಾದ ಮುಂದಿಡುತ್ತಾರೆ. ಇಳಕಲ್ಲಿನ ಕೆಂಪು ಗ್ರಾನೈಟನ್ನು ನೋಡಿ, ಗುಡ್ಡವನ್ನು ಗುಡ್ಡವಾಗಿ ಮಾರದಿದ್ದರೆ ಅದನ್ನು ಚಪ್ಪಡಿಯಾಗಿ ಮಾರುತ್ತಾರೆ, ನೋಡಲು ಬರುವ ಜನ ಇದ್ದರೆ ಗಣಿ ಬರುವುದಿಲ್ಲ ಎಂದು. ವಾದದಲ್ಲಿ ಅರ್ಧ ಸತ್ಯವಿದೆ. ಇಳಕಲ್, ಹುನಗುಂದದ ಸುತ್ತ ಗುಡ್ಡಗಳು ಲಾರಿ ಹತ್ತಿ ಹೋಗಿವೆ. ಸೀರೆಗೆ ಹೆಸರಾದ ಊರು ಕಲ್ಲಿಗೂ ಹೆಸರಾಯಿತು. ಹಾಗೆಂದು ಗಣಿಯಿಂದ ಪಾರಾಗಲು ಗುಡ್ಡವನ್ನು ಮತ್ತೊಬ್ಬ ಗುತ್ತಿಗೆದಾರನಿಗೆ ಒಪ್ಪಿಸಬೇಕೆಂಬುದು ಯಾವ ತರ್ಕ? ಎರಡೂ ವ್ಯವಹಾರಗಳಲ್ಲಿ ಗುಡ್ಡದ ಬೆಲೆ ಕಟ್ಟುವವನು ಹೊರಗಿನವನೇ. ಇನ್ನು ಉದ್ಯೋಗದ ಮಾತು. ಮಾರ್ಗದರ್ಶಿ, ಆಟೋ, ಖಾನಾವಳಿ, ವಸತಿಗೃಹಗಳಿಂದ ಬಾದಾಮಿಯ ಕೆಲವು ನೂರು ಮನೆಗಳಿಗೆ ಅನ್ನ ಸಿಕ್ಕಿದರೆ ಅದು ಒಳ್ಳೆಯದೇ. ಆದರೆ ಪಟ್ಟಿಯ ಪ್ರವಾಸಿ ಊಟ, ವಸತಿ, ವಾಹನ ಎಲ್ಲವನ್ನೂ ಬೆಂಗಳೂರಿನಲ್ಲೇ ಹಣ ಕೊಟ್ಟು ಕೊಂಡು ಬಂದಿರುತ್ತಾನೆ. ಗುಳೇದಗುಡ್ಡದ ಖಣದ ನೇಕಾರನ ಮಗ್ಗ ಬಾದಾಮಿಯಿಂದ ಬಹು ದೂರವೇನಿಲ್ಲ. ಎರಡು ದಿನದ ಪಟ್ಟಿಯಲ್ಲಿ ಅದಕ್ಕೆ ಅರ್ಧ ತಾಸೂ ಇಲ್ಲ.

ಹಾಗಾದರೆ ಗುಡ್ಡವನ್ನು ಮುಚ್ಚಿಬಿಡಬೇಕೆ? ಕೆಲವು ಪರಿಸರಪ್ರಿಯರ ಉತ್ತರ ಹೌದೆಂಬುದು. ಆಸ್ಟ್ರೇಲಿಯಾದ ಉಲೂರು ಎಂಬ ಬೃಹತ್ ಕೆಂಪು ಮರಳುಗಲ್ಲಿನ ಗುಡ್ಡವನ್ನು ಹತ್ತುವುದನ್ನು 2019ರ ಅಕ್ಟೋಬರ್ 26ರಿಂದ ನಿಲ್ಲಿಸಿದ್ದನ್ನು ಅವರು ನೆನಪಿಸುತ್ತಾರೆ. ಆದರೆ ಆ ಉದಾಹರಣೆಯಲ್ಲಿ ಮುಖ್ಯವಾದದ್ದು ನಿಷೇಧವಲ್ಲ, ನಿಷೇಧಿಸಿದವರು ಯಾರು ಎಂಬುದು. ಆ ನೆಲದ ಹಕ್ಕು 1985ರಲ್ಲಿ ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಮರಳಿತ್ತು; ಅವರೇ ಬಹುಮತದಲ್ಲಿರುವ ಮಂಡಳಿ 2017ರಲ್ಲಿ ತೀರ್ಮಾನಿಸಿತು. ಗುಡ್ಡ ಇಂದಿಗೂ ತೆರೆದೇ ಇದೆ, ಬುಡದಲ್ಲಿ ಸುತ್ತಿ ನೋಡಬಹುದು, ನೆತ್ತಿಗೆ ಮಾತ್ರ ಹೋಗುವಂತಿಲ್ಲ. ಇನ್ನು ಕೆಲವರು ಭೂತಾನದ ದಾರಿ ತೋರಿಸುತ್ತಾರೆ. ಅಲ್ಲಿ ವಿದೇಶಿ ಪ್ರವಾಸಿ ದಿನಕ್ಕಿಷ್ಟು ಶುಲ್ಕ ತೆರಬೇಕು; 2022ರಲ್ಲಿ 200 ಡಾಲರಿಗೆ ಏರಿಸಿ, ಮರುವರ್ಷ 100ಕ್ಕೆ ಇಳಿಸಿದರು. ಬಾದಾಮಿಗೆ ಇದು ಹೊಂದದು. ಡಿಸೆಂಬರಿನಲ್ಲಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹಾಡುತ್ತ ಬರುವ ಗದಗ, ಕೊಪ್ಪಳ, ವಿಜಯಪುರದ ಸರ್ಕಾರಿ ಶಾಲೆಯ ಮಕ್ಕಳನ್ನು ಹೊರಗಿಟ್ಟು, ದುಬಾರಿ ಕಾರಿನವನನ್ನು ಒಳಗೆ ಬಿಡುವ ಸಂರಕ್ಷಣೆ ಯಾರಿಗೂ ಬೇಕಾಗಿಲ್ಲ.

ದುಡ್ಡಿನ ಮಿತಿಗಿಂತ ತಲೆಯೆಣಿಕೆಯ ಮಿತಿ ನ್ಯಾಯವಾದದ್ದು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಜಾತ್ರೆಯಂತೆ ಸಾಲುಗಟ್ಟಿದ ಚಿತ್ರಗಳನ್ನು ನಾಡು ನೋಡಿತು. ಆಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ನಿಲ್ಲಿಸಿ, ಮುಂಗಡ ನೋಂದಣಿ ಮತ್ತು ದಿನಕ್ಕೆ 300 ಮಂದಿಯ ಮಿತಿಯನ್ನು ತಂದಿತು. ತಡವಾಗಿ ಬಂದರೂ ಸರಿಯಾದ ಹೆಜ್ಜೆ. ಕೊರತೆಯೆಂದರೆ ಅಂಥ ಸಂಖ್ಯೆ ಇಲಾಖೆಯ ಕಚೇರಿಯಿಂದ ಬರುತ್ತದೆ, ಕಸ ಹೊರುವ ಊರಿನಿಂದಲ್ಲ.

ಕಲಾದಗಿ ಸೀಮೆಯಲ್ಲಿ ಅದು ಊರಿನಿಂದಲೇ ಬರಬೇಕು. ಬೇಸಿಗೆಯಲ್ಲಿ ಹೊಂಡದ ನೀರು ಎಷ್ಟು ಕೆಳಗಿಳಿಯುತ್ತದೆ, ಯಾವ ಗೋಡೆಯಲ್ಲಿ ಹೆಜ್ಜೇನು ಯಾವ ತಿಂಗಳು ಕೂರುತ್ತದೆ, ಯಾವ ಪಡಿಯಲ್ಲಿ ಚಿತ್ರವಿದೆ, ಜಾತ್ರೆಯ ವಾರ ಎಷ್ಟು ಗಾಡಿ ನಿಲ್ಲಬಲ್ಲವು ಎಂಬುದನ್ನು ಕುರಿಗಾರ, ಪೂಜಾರಿ, ಪೌರಕಾರ್ಮಿಕರನ್ನು ಬಿಟ್ಟು ಬೇರಾರೂ ಹೇಳಲಾರರು. ಮಳೆಗಾಲದಲ್ಲಿ ಹಾಗೂ ಮಳೆ ಬಿದ್ದ ಮೂರು ದಿನ ಹಗ್ಗ ಹಾಕುವಂತಿಲ್ಲ ಎಂಬ ನಿಯಮ ಮಾಡಲು ದೊಡ್ಡ ಸಮಿತಿ ಬೇಕಿಲ್ಲ. ಚಿತ್ರವಿರುವ ಆಸರೆಗಳ ಸುತ್ತ ಬೋಲ್ಟ್ ಕೊರೆಯದಂತೆ ಗುರುತು ಹಾಕಲು ಆರೋಹಿಗಳ ಕೂಟಗಳೇ ಮುಂದೆ ಬರಬಹುದು. ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಪಾಲು ಬಾದಾಮಿ ಪುರಸಭೆಗೆ, ಪಟ್ಟದಕಲ್ಲು ಮತ್ತು ಐಹೊಳೆಯ ಪಂಚಾಯಿತಿಗಳಿಗೆ ಬರಲಿ ಎಂಬ ಬೇಡಿಕೆಯನ್ನು ಜಿಲ್ಲೆಯ ಜನಪ್ರತಿನಿಧಿಗಳು ದೆಹಲಿಯಲ್ಲಿ ಎತ್ತಲಿ. ಐಹೊಳೆಯಲ್ಲಿ ನಿವೇಶನ ಕೊಟ್ಟು, ಮನೆ ಎದ್ದು, ನಲ್ಲಿಯಲ್ಲಿ ನೀರು ಬರುವ ತನಕ ಒಂದು ಇಟ್ಟಿಗೆಯನ್ನೂ ಕೀಳಬಾರದು, ಅಲ್ಲಿಯವರೆಗೆ ಇದ್ದ ಮನೆಯ ದುರಸ್ತಿಗೆ ತಡೆಯಿಲ್ಲದೆ ಅನುಮತಿ ಸಿಗಬೇಕು. ರಜೆಯ ದಿನ ಗುಡ್ಡಕ್ಕೆ ಎಷ್ಟು ಜನ ಬರಬಹುದೆಂಬ ಸಂಖ್ಯೆ ಮೊದಲು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಲ್ಪಡಲಿ, ಆಮೇಲೆ ಪ್ರವಾಸೋದ್ಯಮ ಇಲಾಖೆಯ ಫಲಕದ ಮೇಲೆ.